ತೋಳಿನ ಅಳತೆ: ಮಗಳ ಜೊತೆ ಎನ್‌ಆರ್‌ಸಿಯಲ್ಲಿ 18 ದಿನ

ಎನ್‌ಆರ್‌ಸಿಯಲ್ಲಿ, ಅಂದರೆ ಅಪೌಷ್ಟಿಕತೆಯಿಂದ ಸೊರಗಿದ ಮಕ್ಕಳನ್ನು ಇರಿಸಿಕೊಂಡು ನೋಡುವ ಆಸ್ಪತ್ರೆ ವಾರ್ಡಿನಲ್ಲಿ, ಇದ್ದು ಬಂದ ಮಗಳ ನಾಲ್ಕನೇ ಫಾಲೋಅಪ್ ನಿನ್ನೆ ಮುಗಿಯಿತು. ಸಿಸ್ಟರ್ ಕಾರ್ಡಿನ ಕೊನೆಯ ಸಾಲು ತುಂಬಿ, ಸೀಲು ಒತ್ತಿ ಕೊಟ್ಟರು. ಬಸ್ಸಲ್ಲಿ ಬರುವಾಗಲೇ ಇದನ್ನು ಬರೆದಿಡಬೇಕು ಅನ್ನಿಸಿತು. ಮೂರು ತಿಂಗಳ ಹಿಂದೆ "ಮಗೂನ ಎನ್‌ಆರ್‌ಸಿಗೆ ಸೇರಿಸಿ" ಅಂದಾಗ ಅದೇನು, ಎಷ್ಟು ದಿನ, ಏನು ತಗೊಂಡು ಹೋಗಬೇಕು, ಅಲ್ಲಿ ಮಗುವಿಗೆ ಏನು ಮಾಡುತ್ತಾರೆ ಅಂತ ಬಿಡಿಸಿ ಹೇಳುವವರು ನನಗೆ ಯಾರೂ ಸಿಕ್ಕಿರಲಿಲ್ಲ. ಫೋನಲ್ಲಿ ಹುಡುಕಿದರೆ ಉದ್ಘಾಟನೆಗೆ ಟೇಪು ಕತ್ತರಿಸುವ ಫೋಟೊಗಳು ಬರುತ್ತಿದ್ದವು, ಅಷ್ಟೆ.

ನಾನು ಮನೆಯಲ್ಲೇ ಬ್ಲೌಸ್, ಚೂಡಿದಾರ ಹೊಲಿಯುತ್ತೇನೆ. ಯಜಮಾನರು ಗೂಡ್ಸ್ ಟೆಂಪೊ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ, ಯುಕೆಜಿಗೆ ಹೋಗುವ ಮಗ, ಆಮೇಲೆ ಈ ಪುಟ್ಟಿ. ಉಪವಾಸ ಬೀಳುವ ಮನೆಯಲ್ಲ ನಮ್ಮದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಪೌಷ್ಟಿಕತೆ ಅಂದರೆ ಊಟಕ್ಕಿಲ್ಲದ ಮನೆಯ ತೊಂದರೆ ಅಂತ ನಾನೂ ತಿಳಿದಿದ್ದೆ.

ಪುಟ್ಟಿ ಆರು ತಿಂಗಳವರೆಗೆ ಚೆನ್ನಾಗೇ ಇದ್ದಳು. ಆಮೇಲೆ ರಾಗಿ ಗಂಜಿ ಶುರು ಮಾಡಿದೆ. ನನಗೆ ಹೊಲಿಗೆ ಕೆಲಸ ಜಾಸ್ತಿ ಇದ್ದಾಗ ಅದನ್ನೇ ನೀರಾಗಿ ಮಾಡಿ ಬಾಟಲಿಗೆ ಹಾಕಿ ಕೊಡುತ್ತಿದ್ದೆ. ಬೆಳಿಗ್ಗೆ ಅತ್ತೆ ಟೀಗೆ ಬಿಸ್ಕೆಟ್ ಅದ್ದಿ ತಿನ್ನಿಸುತ್ತಿದ್ದರು. ಅತ್ತರೆ ಐದು ರೂಪಾಯಿಯ ಕುರುಕಲು ಪ್ಯಾಕೆಟ್. ಏಪ್ರಿಲ್‌ನಲ್ಲಿ ಜ್ವರ, ಭೇದಿ ಬಂದು ಹೋಯಿತು. ಅಲ್ಲಿಂದ ಮಗು ಸೊರಗಿತು. ಜೂನ್‌ನಲ್ಲಿ ಮೊದಲ ಹುಟ್ಟುಹಬ್ಬಕ್ಕೆ ನಾನೇ ಒಂದು ಫ್ರಾಕ್ ಹೊಲಿದೆ. ಹಾಕಿ ನೋಡಿದರೆ ಜೋಲು ಜೋಲು. ಹಿಂದೆ ಎರಡು ಪಿನ್ನು ಚುಚ್ಚಿ ಫೋಟೊ ತೆಗೆಸಿದೆವು. ನನ್ನ ಅಂದಾಜು ತಪ್ಪಿತು ಅಂದುಕೊಂಡೆ. ಬಟ್ಟೆಯ ಅಳತೆ ನೋಡಿದೆ, ಮಗುವಿನ ಅಳತೆ ನೋಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ದಿನಾ ಎತ್ತಿಕೊಳ್ಳುವ ಕೈಗೆ ಭಾರ ಇಳಿದದ್ದು ಗೊತ್ತಾಗುವುದಿಲ್ಲ.

ಮಾಡಬೇಕಾದ್ದೆಲ್ಲ ಮಾಡಿದ್ದೇವೆ ಅಂತ ನಮ್ಮ ನಂಬಿಕೆ. ಖಾಸಗಿ ಕ್ಲಿನಿಕ್ಕಿನಲ್ಲಿ ಹಸಿವಿನ ಟಾನಿಕ್ ಬರೆಸಿಕೊಂಡೆವು. 640 ರೂಪಾಯಿಯ ಡಬ್ಬಿ ಪೌಡರ್ ತಂದು, ಬೇಗ ಖಾಲಿಯಾಗುತ್ತೆ ಅಂತ ಅಳತೆಗಿಂತ ಕಡಿಮೆ ಹಾಕಿ ಕಲಸಿದೆವು. ಬಾಲಗ್ರಹ ಇರಬೇಕು ಅಂತ ಅತ್ತೆ ತಾಯಿತ ಕಟ್ಟಿಸಿದರು. "ನಮ್ಮ ವಂಶದಲ್ಲಿ ಎಲ್ಲರೂ ಕಡ್ಡಿನೇ" ಅಂತ ಯಜಮಾನರು ಬೇರೆ.

ಸೆಪ್ಟೆಂಬರ್ ಮೊದಲ ವಾರ ಆಶಾ ಕಾರ್ಯಕರ್ತೆ ಬಂದರು, ಆಶಾ ಅಕ್ಕ ಅನ್ನುತ್ತೇವೆ ನಾವು. ಮಗುವಿಗೆ 3, 6, 9, 12, 15 ತಿಂಗಳು ತುಂಬಿದಾಗ ಅವರು ಮನೆಗೆ ಬಂದು ನೋಡಿ ಹೋಗಬೇಕು ಅಂತ ನಿಯಮ ಇದೆ. 12ನೇ ತಿಂಗಳಲ್ಲಿ ಬಂದಿದ್ದಾಗ "ಮಗು ಮಲಗಿದೆ ಅಕ್ಕ" ಅಂತ ಬಾಗಿಲಲ್ಲೇ ಕಳಿಸಿದ್ದೆ. ಒಂದು ಭೇಟಿಗೆ ಅವರಿಗೆ ಸಿಗುವುದು 50 ರೂಪಾಯಿ ಅಂತ ಆಮೇಲೆ ಗೊತ್ತಾಯಿತು. ಒಂದು ಬ್ಲೌಸಿಗೆ ಹುಕ್ಕು, ಕಾಜ ಮಾಡಿಕೊಡುವುದಕ್ಕೆ ನಾನು ತಗೊಳ್ಳುವಷ್ಟು ದುಡ್ಡು.

ಈ ಸಲ ಅವರು ಕೇಳದೆ ಒಳಗೆ ಬಂದು ಕೂತರು. ಚೀಲದಿಂದ ಒಂದು ತೆಳ್ಳನೆಯ ಪಟ್ಟಿ ತೆಗೆದರು. ಕೆಂಪು, ಹಳದಿ, ಹಸಿರು ಬಣ್ಣದ್ದು. ಪುಟ್ಟಿಯ ಎಡಗೈ ಭುಜಕ್ಕೂ ಮೊಣಕೈಗೂ ಮಧ್ಯೆ ಗುರುತು ಹಾಕಿ, ಸುತ್ತಿ, ಎಳೆದರು. ನಾನು ಮಿಷನ್ ಮೇಲಿಂದಲೇ ನೋಡುತ್ತಿದ್ದೆ. ಬಾಣದ ಗುರುತು ಕೆಂಪಿನಲ್ಲಿ ನಿಂತಿತು. 11.2 ಸೆಂಟಿಮೀಟರ್.

"11.5ಕ್ಕಿಂತ ಕಮ್ಮಿ ಇದ್ರೆ ತುಂಬಾ ಕಷ್ಟ ಕಣಮ್ಮ" ಅಂದರು.

ಸೆಂಟಿಮೀಟರ್ ನನ್ನ ತಲೆಗೆ ಹತ್ತಲಿಲ್ಲ. ನನ್ನ ಕೊರಳಲ್ಲಿದ್ದ ಟೇಪು ತೆಗೆದು ಅದೇ ಜಾಗಕ್ಕೆ ಸುತ್ತಿದೆ. ನಾಲ್ಕೂವರೆ ಇಂಚೂ ಇಲ್ಲ. ದಿನಕ್ಕೆ ಹತ್ತು ಜನರ ತೋಳು ಅಳೆಯುವವಳು ನಾನು. ಟೇಪು ಕೈಯಲ್ಲೇ ಹಿಡಿದು ಸುಮ್ನೆ ಕೂತುಬಿಟ್ಟೆ.

ಮಾರನೇ ದಿನ ಅಂಗನವಾಡಿಯಲ್ಲಿ ಟೀಚರ್ ತೂಕ ಮಾಡಿದರು, ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆದರು, ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್‌ಗೆ ಹಾಕಿದರು. ಉದ್ದಕ್ಕೆ ತಕ್ಕ ತೂಕ ಇಲ್ಲ, ಅದೂ ಕೆಂಪು. ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಒತ್ತಿ ನೋಡಿದರು. ಗುಳಿ ಬೀಳಲಿಲ್ಲ, ಅಂದರೆ ನೀರು ತುಂಬಿಕೊಂಡಿಲ್ಲ. "ಸ್ಯಾಮ್" ಅಂದರು. ತೀವ್ರ ಅಪೌಷ್ಟಿಕತೆಗೆ ಅವರು ಬಳಸುವ ಮಾತು ಅದು. ಹಾಲಿನವರ ಮನೆಯ ಹುಡುಗನ ಹೆಸರೇನೋ ಅನ್ನುವ ಹಾಗೆ ಕೇಳಿಸಿತು ನನಗೆ.

ನಾನು ಒಪ್ಪಲಿಲ್ಲ. ನಿಮ್ಮ ತಕ್ಕಡಿ ಸರಿಯಿಲ್ಲ ಅಂದೆ. ಅಪೌಷ್ಟಿಕ ಮಕ್ಕಳ ಪಟ್ಟಿಯಲ್ಲಿ ಹೆಸರು ಬಂದರೆ ಊರೆಲ್ಲ ಆಡಿಕೊಳ್ಳುತ್ತೆ ಅನ್ನುವ ಭಯ. ಟೀಚರ್ ಜಗಳ ಆಡಲಿಲ್ಲ. ಐದು ದಿನದಲ್ಲಿ ಮೂರು ಸಲ ಮನೆಗೆ ಬಂದರು. ಮೂರನೇ ಸಲ ಬಂದಾಗ ನಾನು ಗಂಜಿ ಕಾಯಿಸುತ್ತಿದ್ದೆ. ಚಮಚ ಇಸಕೊಂಡು, ಗಂಜಿ ಎತ್ತಿ, ಓರೆ ಮಾಡಿದರು. ನೀರಿನ ಹಾಗೆ ಸುರಿಯಿತು. "ಚಮಚದ ಮೇಲೆ ನಿಲ್ಲಬೇಕು ಇದು. ಮಗು ಹೊಟ್ಟೆ ಇರೋದೇ ಅದರ ಮುಷ್ಟಿಯಷ್ಟು. ಅದನ್ನ ನೀರಲ್ಲಿ ತುಂಬಿಸಿದ್ರೆ ಅನ್ನಕ್ಕೆ ಜಾಗ ಎಲ್ಲಿ?" ಅಂದರು. ಅಷ್ಟು ಹೊತ್ತಿಗೆ ಪುಟ್ಟಿಗೆ ಮತ್ತೆ ಭೇದಿ ಶುರುವಾಗಿತ್ತು. ಅವತ್ತು ಒಪ್ಪಿದೆ.

ಎನ್‌ಆರ್‌ಸಿ ಅಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರ. ಸರ್ಕಾರಿ ಆಸ್ಪತ್ರೆಯ ಒಳಗೇ ಒಂದು ವಾರ್ಡ್. ತಾಯಿ ಮಗು ಇಬ್ಬರೂ ಅಲ್ಲೇ ಇರಬೇಕು, ಸಾಮಾನ್ಯವಾಗಿ 14 ದಿನ. ಚಿಕಿತ್ಸೆಗೆ, ಊಟಕ್ಕೆ ದುಡ್ಡಿಲ್ಲ.

ಮೊದಲ ದಿನವೇ ಎಡವಿದೆವು. ಟೀಚರ್ ಚೀಟಿ ಕೊಟ್ಟಿದ್ದರು, ಅದನ್ನು ಹಿಡಿದು ಗುರುವಾರ ಮಧ್ಯಾಹ್ನ ನೇರ ಆಸ್ಪತ್ರೆಗೆ ಹೋದೆವು. ಹೊರರೋಗಿ ಚೀಟಿ ಮಾಡಿಸುವ ಕಿಟಕಿ ಮುಚ್ಚಿತ್ತು. ವಾರ್ಡಿಗೆ ಹೋದರೆ ಬೆಡ್ ಖಾಲಿ ಇಲ್ಲ, ಸೋಮವಾರ ಬನ್ನಿ ಅಂದರು. ಭೇದಿಯ ಮಗು ಇಟ್ಟುಕೊಂಡು ಸೋಮವಾರದವರೆಗೆ ಹೇಗೆ ಕಾಯೋದು? ಓಆರ್‌ಎಸ್ ಪ್ಯಾಕೆಟ್ ಕೊಟ್ಟು ಕಳಿಸಿದರು. ಆ ನಾಲ್ಕು ರಾತ್ರಿ ನಾನು ಮಲಗಲಿಲ್ಲ. ನೀವು ಹೋಗುವುದಾದರೆ ಹಿಂದಿನ ದಿನ ಆಶಾ ಅಕ್ಕನ ಕೈಲಿ ವಾರ್ಡಿಗೆ ಫೋನ್ ಮಾಡಿಸಿ, ಬೆಡ್ ಇದೆಯಾ ಕೇಳಿಸಿ, ಬೆಳಿಗ್ಗೆ ಬೇಗ ಹೋಗಿ. ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಸೋಮವಾರ ಅಕ್ಕ ಜೊತೆಗೆ ಬಂದರು. ಗುರುವಾರ ಮೂರು ಗಂಟೆ ಅಲೆದ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಕಾಗದಪತ್ರದ ವಿಷಯ. ತಾಯಿ ಕಾರ್ಡ್ ಕೇಳೇ ಕೇಳುತ್ತಾರೆ, ಚುಚ್ಚುಮದ್ದು ಎಲ್ಲಾ ಆಗಿದೆಯಾ ಅಂತ ಅದರಲ್ಲೇ ನೋಡುವುದು. ನನ್ನ ಆಧಾರ್, ರೇಷನ್ ಕಾರ್ಡ್, ನನ್ನ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಅಂಗನವಾಡಿಯ ಚೀಟಿ, ಹಳೆಯ ಡಾಕ್ಟರ್ ಚೀಟಿಗಳು. ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಪುಟ್ಟಿಗೆ ಆಧಾರ್ ಮಾಡಿಸಿರಲಿಲ್ಲ, ಅದಕ್ಕಾಗಿ ನಮ್ಮನ್ನು ಯಾರೂ ವಾಪಸ್ ಕಳಿಸಲಿಲ್ಲ. ತೊಡಕಾದದ್ದು ಪಾಸ್‌ಬುಕ್. ತಾಯಿಗೆ ಕೂಲಿ ನಷ್ಟಕ್ಕೆ ದಿನದ ಲೆಕ್ಕದಲ್ಲಿ ಒಂದಿಷ್ಟು ಹಣ ಖಾತೆಗೆ ಹಾಕುತ್ತಾರೆ. ನನ್ನ ಖಾತೆ ಮದುವೆಗೆ ಮುಂಚಿನದು, ಅದರಲ್ಲಿ ಅಪ್ಪನ ಇನಿಶಿಯಲ್. ಆಧಾರ್‌ನಲ್ಲಿ ಗಂಡನ ಹೆಸರು. ಸಾಲದ್ದಕ್ಕೆ ಎರಡು ವರ್ಷದಿಂದ ವಹಿವಾಟೇ ಮಾಡದೆ ಖಾತೆ ನಿಂತುಹೋಗಿತ್ತು. ಗೃಹಲಕ್ಷ್ಮಿ ದುಡ್ಡು ಅತ್ತೆಯ ಖಾತೆಗೆ ಬರುವುದರಿಂದ ನನಗೆ ಇದು ಗೊತ್ತೇ ಆಗಿರಲಿಲ್ಲ. ಸೇರುವ ಮೊದಲೇ ಒಮ್ಮೆ ಬ್ಯಾಂಕಿಗೆ ಹೋಗಿ ನಿಮ್ಮ ಖಾತೆ ಜೀವಂತ ಇದೆಯಾ ನೋಡಿಕೊಳ್ಳಿ.

ಸೇರಿಸಿಕೊಂಡ ತಕ್ಷಣ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು, ಜ್ವರ ನೋಡಿದರು, ಬಟ್ಟೆ ಬಿಚ್ಚಿ ತೂಕ ಹಾಕಿದರು. 6.4 ಕೆಜಿ. ಆಮೇಲೆ ಒಂದು ಪರೀಕ್ಷೆ ಇತ್ತು, ಹಸಿವಿನ ಪರೀಕ್ಷೆ. ಹುರಿದ ಕಡಲೆಕಾಯಿ ಪುಡಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಹಾಕಿ ಕಲಸಿದ್ದನ್ನು ಸಣ್ಣ ನಿಂಬೆಹಣ್ಣಿನಷ್ಟು ಕೊಟ್ಟರು. ಕೈ ತೊಳೆದು, ಮೂಲೆಯಲ್ಲಿ ಕೂತು, ಬಲವಂತ ಮಾಡದೆ ತಿನ್ನಿಸಬೇಕು. ಪುಟ್ಟಿ ನಾಲಿಗೆಯಲ್ಲಿ ಮುಟ್ಟಿ ಮುಖ ತಿರುಗಿಸಿದಳು. ಅಳಲೂ ಇಲ್ಲ. "ಅತ್ತಿದ್ರೂ ಚೆನ್ನಾಗಿರ್ತಿತ್ತು" ಅಂತ ಸಿಸ್ಟರ್ ಮೆಲ್ಲಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಬಂದವರೆಲ್ಲ ಕೇಳುವುದು ಒಂದೇ, "ಗ್ಲೂಕೋಸ್ ಹಾಕಲ್ವಾ?" ನಮ್ಮ ಮನೆಯವರೂ ಕೇಳಿದರು. ಇಷ್ಟು ಸೊರಗಿದ ಮಗುವಿಗೆ ಬಾಟಲಿ ಏರಿಸಿದರೆ ಹೃದಯ ಆ ನೀರಿನ ಭಾರ ತಡೆಯುವುದಿಲ್ಲ, ತೀರಾ ಬೇಕಾದಾಗ ಮಾತ್ರ ಹಾಕುತ್ತೇವೆ ಅಂದರು ಡಾಕ್ಟ್ರು. ರಕ್ತ ಕಡಿಮೆ ಇದೆ ಅಂತ ರಿಪೋರ್ಟ್ ಬಂತು, ಆದರೆ ಕಬ್ಬಿಣದ ಟಾನಿಕ್ ಕೊಡಲಿಲ್ಲ. ಅದಕ್ಕೂ ಕಾರಣ ಇದೆ. ಮೊದಲು ಸೋಂಕು ಇಳಿದು ಮಗು ತಿನ್ನಲು ಶುರು ಮಾಡಬೇಕು, ಅದಕ್ಕೆ ಮುಂಚೆ ಕಬ್ಬಿಣಾಂಶ ಕೊಟ್ಟರೆ ಕೆಡುಕೇ ಜಾಸ್ತಿ. ಎರಡನೇ ವಾರದಲ್ಲಿ ಶುರು ಮಾಡಿದರು. ಮನೆಯಲ್ಲಿ ಯಾರಿಗಾದರೂ ಬಹಳ ದಿನದ ಕೆಮ್ಮು ಇದೆಯಾ ಅಂತ ಕೇಳಿ ಟಿಬಿ ಪರೀಕ್ಷೆಯನ್ನೂ ಮಾಡಿಸಿದರು. ಈ ಪರೀಕ್ಷೆಗಳ ಹೆಸರು ಕೇಳಿ ಗಾಬರಿಯಾಗಬೇಡಿ, ಎಲ್ಲ ಮಕ್ಕಳಿಗೂ ನೋಡುತ್ತಾರೆ.

ಔಷಧಿ ಅಂದರೆ ಅಲ್ಲಿ ಮುಖ್ಯವಾಗಿ ಹಾಲೇ. ಮೊದಲು ಎಫ್-75 ಅನ್ನುತ್ತಾರೆ, 100 ಎಂಎಲ್‌ಗೆ 75 ಕ್ಯಾಲೊರಿ. ಹಾಲು, ಸಕ್ಕರೆ, ಎಣ್ಣೆ, ಕಡ್ಲೆಪುರಿಯ ನುಣ್ಣನೆ ಪುಡಿ, ನೀರು. ಕಡ್ಲೆಪುರಿಯನ್ನು ಮಿಕ್ಸಿಗೆ ಹಾಕಿ ಜರಡಿ ಹಿಡಿಯುವುದನ್ನು ನೋಡಿ ನಗು ಬಂತು, ಜಾತ್ರೆಯಿಂದ ತರುವ ಪುರಿ ಇಲ್ಲಿ ಮದ್ದು! ಪುಟ್ಟಿಯ ತೂಕಕ್ಕೆ ಒಂದು ಸಲಕ್ಕೆ 70 ಎಂಎಲ್. ಎರಡು ಗಂಟೆಗೆ ಒಂದು ಸಲ, ದಿನಕ್ಕೆ ಹನ್ನೆರಡು. ರಾತ್ರಿ ಹನ್ನೆರಡಕ್ಕೂ, ಎರಡಕ್ಕೂ, ನಾಲ್ಕಕ್ಕೂ. ಬಾಟಲಿ ಇಲ್ಲ, ಲೋಟ ಚಮಚ ಮಾತ್ರ. ಎದೆಹಾಲು ಬಿಡಿಸುವುದಿಲ್ಲ, ಅದನ್ನೂ ಕೊಡಬೇಕು. ಉಳಿದದ್ದನ್ನು ಸಿಸ್ಟರ್ ಅಳೆದು ಬರೆಯುತ್ತಾರೆ. ವಾಂತಿ ಮಾಡಿದರೆ ಅದೂ ಅಂದಾಜಿನಲ್ಲಿ ಪುಸ್ತಕಕ್ಕೆ.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಎರಡನೇ ರಾತ್ರಿ ಎರಡು ಗಂಟೆಯ ಸರದಿ. ಪುಟ್ಟಿ ಒಂದೊಂದು ಚಮಚಕ್ಕೂ ತುಟಿ ಬಿಗಿ ಹಿಡಿಯುತ್ತಿದ್ದಳು. ಬಾಯಿಗೆ ಹಾಕಿದ್ದು ಕೆನ್ನೆಯ ಪಕ್ಕದಿಂದ ಕತ್ತಿಗೆ ಇಳಿಯುತ್ತಿತ್ತು. ನಲವತ್ತು ನಿಮಿಷ ಆಯಿತು, ಲೋಟದಲ್ಲಿ ಇನ್ನೂ ಅರ್ಧದಷ್ಟು ಇದೆ. ಹಿಂದಿನ ಎರಡು ಸರದಿಯಲ್ಲೂ ಹೀಗೇ ಉಳಿದಿತ್ತು. ಇವಳಿಗೆ ತಿನ್ನಿಸಲು ಬರಲ್ಲ ಅಂದುಕೊಳ್ಳುತ್ತಾರೆ ಅನ್ನಿಸಿತು. ಸಿಸ್ಟರ್ ಆ ಕಡೆ ಹೋಗಿದ್ದರು. ಉಳಿದದ್ದನ್ನು ನಾನೇ ಕುಡಿದೆ. ಸಿಹಿಯಾಗಿ, ಸ್ವಲ್ಪ ಎಣ್ಣೆ ಎಣ್ಣೆಯಾಗಿತ್ತು. "ಪೂರ್ತಿ ಕುಡಿದಳು" ಅಂತ ಬರೆಸಿದೆ. ನಾಲ್ಕು ಗಂಟೆಗೂ ಹಾಗೇ ಮಾಡಿದೆ.

ಬೆಳಿಗ್ಗೆ ತೂಕ 6.32. ಪುಸ್ತಕದಲ್ಲಿ ಪೂರ್ತಿ ಕುಡಿದಿದ್ದಾಳೆ, ತೂಕ ಇಳಿದಿದೆ. ಸಿಸ್ಟರ್ ಪುಸ್ತಕ ನೋಡಿದರು, ನನ್ನ ಮುಖ ನೋಡಿದರು. ಬೈಯಲಿಲ್ಲ. "ನೀವು ಕುಡಿದ್ರಾ? ನಿಮ್ಮ ಹಾಗೆ ಮಾಡಿದವ್ರು ತುಂಬಾ ಜನ ಇದ್ದಾರೆ. ಆದ್ರೆ ಮಗು ಎಷ್ಟು ಬಿಡ್ತು ಅಂತ ಗೊತ್ತಾದ್ರೆ ತಾನೆ ನಾವು ಮುಂದಿನದು ಯೋಚನೆ ಮಾಡೋದು?" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಉಳಿದರೆ ಉಳಿಯಿತು, ಹಾಗೇ ತೋರಿಸಿ. ನಿಮ್ಮನ್ನು ಪರೀಕ್ಷೆ ಮಾಡಲು ಅಳೆಯುತ್ತಿಲ್ಲ ಅವರು.

ಸಾಕಷ್ಟು ಕುಡಿಯುತ್ತಿಲ್ಲ ಅಂತ ಗೊತ್ತಾದ ಮೇಲೆ ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಹಾಕಿದರು. ಚಮಚದಲ್ಲಿ ಕುಡಿದಷ್ಟು ಕುಡಿಸಿ ಉಳಿದದ್ದನ್ನು ಕೊಳವೆಯಲ್ಲಿ ನಿಧಾನಕ್ಕೆ ಬಿಡುವುದು. ಅದೇ ದಿನ ಅತ್ತೆ ನೋಡಲು ಬರಬೇಕೆ? ಮೂಗಲ್ಲಿ ಪೈಪು ನೋಡಿ ವಾರ್ಡೇ ಹಾರಿಹೋಗುವ ಹಾಗೆ ಕೂಗಿದರು. "ಹಾಲು ಕುಡಿಸೋಕೆ ಆಸ್ಪತ್ರೆ ಬೇಕಾ? ಮಗೂನ ಎತ್ಕೊ, ನಡಿ ಮನೆಗೆ." ಯಜಮಾನರೂ ಬ್ಯಾಗ್ ಎತ್ತಿಕೊಂಡರು. ನಮ್ಮ ಜವಾಬ್ದಾರಿ ಮೇಲೆ ಕರೆದುಕೊಂಡು ಹೋಗುತ್ತೇವೆ ಅಂತ ಸಹಿ ಹಾಕುವ ಕಾಗದವೂ ಬಂತು. ನನಗೂ ಒಳಗೊಳಗೇ ಹೋಗಿಬಿಡೋಣ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಅಂಗನವಾಡಿ ಟೀಚರ್‌ಗೆ ಫೋನ್ ಹಚ್ಚಿ ಅತ್ತೆ ಕೈಗೆ ಕೊಟ್ಟೆ. ಅತ್ತೆಯ ತವರು ಟಿ. ನರಸೀಪುರದ ಕಡೆ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಮೊದಲು ಶುರುವಾದದ್ದು ಆ ತಾಲ್ಲೂಕಿನಲ್ಲೇ, 1975ರಲ್ಲಿ. ಅತ್ತೆಗೆ ಆಗ ಐದೋ ಆರೋ ವರ್ಷ. ಅಲ್ಲಿ ಉಪ್ಪಿಟ್ಟು ಕೊಡುತ್ತಿದ್ದರು, ತಟ್ಟೆ ಹಿಡಿದು ಓಡುತ್ತಿದ್ದೆವು ಅಂತ ಮನೆಗೆ ಬಂದಾಗ ಟೀಚರ್ ಹತ್ತಿರ ಹೇಳಿಕೊಂಡಿದ್ದರಂತೆ. ಟೀಚರ್ ಅದನ್ನೇ ಹಿಡಿದರು. ಫೋನಿಂದ ನನಗೂ ಕೇಳಿಸುತ್ತಿತ್ತು: "ಅಮ್ಮ, ನಿಮ್ಮನ್ನ ಅವತ್ತು ನಿಮ್ಮವ್ವ ಕಳಿಸಲಿಲ್ವಾ? ಇವತ್ತು ನೀವು ನಿಮ್ಮ ಮೊಮ್ಮಗಳನ್ನ ಇರಿಸಿ. ಎರಡೇ ದಿನ. ಪೈಪು ತೆಗೀದಿದ್ರೆ ನಾನೇ ಬಂದು ಕರ್ಕೊಂಡು ಬರ್ತೀನಿ." ಅತ್ತೆ ಫೋನು ವಾಪಸ್ ಕೊಟ್ಟು, ಸೆರಗಲ್ಲಿ ಮುಖ ಒರೆಸಿ, ಮಂಚದ ಪಕ್ಕ ಕೆಳಗೆ ಕೂತರು. ಸಂಜೆಯ ಬಸ್ಸಿಗೂ ಹೋಗಲಿಲ್ಲ, ರಾತ್ರಿ ಅಲ್ಲೇ ಉಳಿದು ಎರಡು ಗಂಟೆಯ ಸರದಿ ತಾವೇ ಕುಡಿಸಿದರು.

ಒಂದೂವರೆ ದಿನಕ್ಕೆ ಕೊಳವೆ ತೆಗೆದರು. ಐದನೇ ದಿನ ಬೆಳಿಗ್ಗೆ ಪುಟ್ಟಿ ಪಕ್ಕದ ಮಂಚದ ಹುಡುಗನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡಳು. ಆ ಹುಡುಗನ ತಾಯಿ ನಕ್ಕರು, ನಾನು ಅತ್ತುಬಿಟ್ಟೆ.

ಅಲ್ಲಿಂದ ಎಫ್-100, ಅಂದರೆ ಗಟ್ಟಿ ಹಾಲು. ಜೊತೆಗೆ ಕಿಚಡಿ, ಮೊಟ್ಟೆ, ಹಣ್ಣು. ಮಧ್ಯಾಹ್ನ ತಾಯಂದಿರಿಗೆ ಅಡುಗೆ ತೋರಿಸುತ್ತಿದ್ದರು. ಹುರಿದ ರಾಗಿ, ಹೆಸರುಬೇಳೆ, ಹುರಿಗಡಲೆ ಪುಡಿಯ ಗಟ್ಟಿ ಸರಿಗೆ ಒಂದು ಚಮಚ ಎಣ್ಣೆ. ಮುದ್ದೆಯನ್ನು ಬರೀ ಸಾರಿನ ನೀರಲ್ಲಿ ಅಲ್ಲ, ಬೆಂದ ಕಾಳು ಕಿವುಚಿ ಅದರಲ್ಲಿ ಅದ್ದಿ ಕೊಡುವುದು. ನುಗ್ಗೆಸೊಪ್ಪು ನಮ್ಮ ಹಿತ್ತಲಲ್ಲೇ ಇತ್ತು, ಮಗುವಿಗೆ ಉಷ್ಣ ಅಂತ ಮುಟ್ಟುತ್ತಿರಲಿಲ್ಲ. ಮಗುವಿಗೆ ಬೇರೆ ತಟ್ಟೆ ಇಡಿ ಅಂತ ಒತ್ತಿ ಹೇಳಿದರು. ನಮ್ಮ ತಟ್ಟೆಯಿಂದ ತುತ್ತು ಕೊಟ್ಟರೆ ಎಷ್ಟು ತಿಂದಿತು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ. ಇದರಲ್ಲಿ ಯಾವುದಕ್ಕೂ 640 ರೂಪಾಯಿ ಬೇಡ.

ದಿನಗಳು ಮಾತ್ರ ಸಾಗುವುದಿಲ್ಲ. ಸೊಳ್ಳೆ, ಬಿಸಿನೀರಿಗೆ ಕ್ಯೂ, ಬಚ್ಚಲಿನ ಚಿಲಕ ಕೆಟ್ಟಿತ್ತು. ರಾತ್ರಿ ಒಂದು ಮಗು ಅತ್ತರೆ ಎಲ್ಲವೂ ಏಳುತ್ತವೆ. ಹೊದಿಕೆ, ಬಕೆಟ್, ಫ್ಲಾಸ್ಕ್, ಹಳೇ ಕಾಟನ್ ಸೀರೆ, ಮಗುವಿಗೆ ಎರಡು ಆಟದ ಸಾಮಾನು, ಉದ್ದ ವೈರಿನ ಚಾರ್ಜರ್ ತಗೊಂಡು ಹೋಗಿ. ಹೊಲಿಯಲು ಕೈಕೆಲಸ ತಗೊಂಡು ಹೋಗಿದ್ದೆ, ಒಂದು ಹುಕ್ಕೂ ಹಾಕಲಾಗಲಿಲ್ಲ.

ನಾನು ಅತ್ತದ್ದು ಜಾಸ್ತಿ ಮಗನ ನೆನಪಿಗೆ. ರಾತ್ರಿ ವಿಡಿಯೊ ಕಾಲ್‌ನಲ್ಲಿ "ಪಾಪು ದಪ್ಪ ಆದ್ಳಾ? ಇವತ್ತು ಬರ್ತೀರಾ?" ಅಂತ ದಿನಾ ಅದೇ ಪ್ರಶ್ನೆ. ಅರ್ಧಕ್ಕೆ ಎದ್ದು ಹೋದ ಮೂವರು ತಾಯಂದಿರನ್ನು ನೋಡಿದೆ. ಮೂವರಿಗೂ ಮನೆಯಲ್ಲಿ ಇನ್ನೊಂದು ಮಗು ಇತ್ತು. ಸೇರುವ ಮೊದಲು ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಗಟ್ಟಿ ಮಾಡಿಕೊಳ್ಳಿ. ಮಿಕ್ಕಿದ್ದೆಲ್ಲ ಹೇಗೋ ಆಗುತ್ತೆ.

14ನೇ ದಿನ ಬ್ಯಾಗ್ ತುಂಬಿಕೊಂಡು ಕೂತಿದ್ದೆ. ತೂಕ 7.1. "ಇನ್ನೂ ಸ್ವಲ್ಪ ಬೇಕಮ್ಮ" ಅಂದರು. ಸೇರುವಾಗ ಇದ್ದ ತೂಕಕ್ಕಿಂತ ನೂರಕ್ಕೆ 15 ಪಾಲು ಏರಬೇಕು, ಪುಟ್ಟಿಗೆ ಅದು 7.36. ಮೊದಲೇ ಯಾರೂ ಹೇಳಿರಲಿಲ್ಲ. 14 ದಿನ ಅಂತಲೇ ಮನೆಗೂ, ಬ್ಲೌಸ್ ಕೊಟ್ಟವರಿಗೂ ಹೇಳಿದ್ದೆ. ದಸರಾ ಮುಂದೆ ನಿಂತಿದೆ. ಸೇರಿದ ದಿನವೇ "ಎಷ್ಟು ತೂಕಕ್ಕೆ ಬಿಡ್ತೀರಿ?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಆಯುಧಪೂಜೆಯ ದಿನ ಯಜಮಾನರು ಟೆಂಪೊ ಜೊತೆಗೆ ನನ್ನ ಮಿಷನ್‌ಗೂ ಕುಂಕುಮ ಇಟ್ಟು ಹೂ ಹಾಕಿ ಫೋಟೊ ಕಳಿಸಿದರು. ಮಾರನೇ ದಿನ ತೂಕ 7.38. ಬಿಟ್ಟರು.

ಖರ್ಚು ಎಷ್ಟಾಯಿತು ಅಂತ ಎಲ್ಲರೂ ಕೇಳುತ್ತಾರೆ. ಆಸ್ಪತ್ರೆಗೆ ಸೊನ್ನೆ. ನನಗೂ ಅತ್ತೆಗೂ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ. ಯಜಮಾನರ ಓಡಾಟ, ಹೋಟೆಲ್ ತಿಂಡಿ, ಜೆರಾಕ್ಸ್, ಬಕೆಟ್ಟು ಎಲ್ಲ ಸೇರಿ 2,300 ರೂಪಾಯಿ. ದೊಡ್ಡ ಪೆಟ್ಟು ಬಿದ್ದದ್ದು ದಸರಾ ಬ್ಲೌಸುಗಳಿಂದ. 31 ಬ್ಲೌಸು ವಾಪಸ್ ಕೊಟ್ಟೆ. ಅವರಲ್ಲಿ ನಾಲ್ಕು ಜನ ಈಗ ಬೇರೆ ಟೈಲರ್ ಹತ್ತಿರ ಹೋಗುತ್ತಿದ್ದಾರೆ. ಕೂಲಿ ನಷ್ಟದ ಹಣ ಇದಕ್ಕೆಲ್ಲ ಸರಿದೂಗುವಂಥದ್ದಲ್ಲ, ಆದರೂ ಬಿಡಬೇಡಿ.

ಮನೆಗೆ ಬಂದ ಮೇಲಿನದೇ ನಿಜವಾದ ಪರೀಕ್ಷೆ. ಹದಿನೈದು ದಿನಕ್ಕೊಮ್ಮೆ ಫಾಲೋಅಪ್, ಒಟ್ಟು ನಾಲ್ಕು. ಮೊದಲನೆಯದಕ್ಕೆ ಹೋದಾಗ ತೂಕ 60 ಗ್ರಾಂ ಮಾತ್ರ ಏರಿತ್ತು. ನಾನು ಬಾಕಿ ಕೆಲಸ ಹಿಡಿದು ಕೂತಿದ್ದೆ, ಪುಟ್ಟಿಗೆ ಮತ್ತೆ ಮೂರೇ ಹೊತ್ತು ಊಟ ಆಗುತ್ತಿತ್ತು. ಆಶಾ ಅಕ್ಕ ಗೋಡೆಯ ಕ್ಯಾಲೆಂಡರ್ ಮೇಲೆ ದಿನಕ್ಕೆ ಐದು ಗೆರೆ ಹಾಕುವ ಉಪಾಯ ಹೇಳಿಕೊಟ್ಟರು. ಒಂದು ಸಲ ತಿಂದರೆ ಒಂದು ಗೆರೆ. ಗೆರೆ ಹಾಕುವ ಕೆಲಸವನ್ನು ಮಗ ವಹಿಸಿಕೊಂಡ. ಅವನು ಬಲು ಕಟ್ಟುನಿಟ್ಟು, ಅರ್ಧ ತಟ್ಟೆಗೆ ಗೆರೆ ಹಾಕುವುದಿಲ್ಲ.

ಅಂಗನವಾಡಿಯಿಂದ ಮನೆಗೆ ಕೊಡುವ ಪುಷ್ಟಿ ಪೌಡರ್ ತರುವಾಗ ಇನ್ನೊಂದು ತೊಡಕು. ಈಗ ಮುಖ ಗುರುತು ಹಿಡಿಯುವ ಪದ್ಧತಿ ಬಂದಿದೆ. ಫೋನಿನ ಮುಂದೆ ನಿಂತು ಕಣ್ಣು ಮಿಟುಕಿಸಬೇಕು, ಮೊಬೈಲ್‌ಗೆ ಬರುವ ಓಟಿಪಿ ಹೇಳಬೇಕು. ನನ್ನ ಹೆಸರಿಗೆ ಕೊಟ್ಟಿದ್ದ ನಂಬರ್ ಯಜಮಾನರದ್ದು. ಅವರು ಟೆಂಪೊ ತಗೊಂಡು ಹೊಸೂರಿನ ದಾರಿಯಲ್ಲಿ, ಇಲ್ಲಿ ಟೀಚರ್ ಫೋನಿಗೆ ನೆಟ್‌ವರ್ಕ್ ಇಲ್ಲ. ಟೀಚರ್ ಮಗುವನ್ನೂ ಫೋನನ್ನೂ ಎತ್ತಿಕೊಂಡು ನೀರಿನ ಟ್ಯಾಂಕ್ ಹತ್ತಿರದ ದಿಬ್ಬಕ್ಕೆ ಹೋದರು, ನಾನು ಹಿಂದೆ. ಮೂರನೇ ಸಲಕ್ಕೆ ಹಿಡಿಯಿತು. ಅವರ ಕೆಲಸದ ಅರ್ಧ ದಿನ ಹೀಗೇ ಹೋಗುತ್ತೆ. ಮಕ್ಕಳ ಜೊತೆ ಕೂರಲು ಎಷ್ಟು ಉಳಿಯುತ್ತೆ ಅಂತ ಯಾರಾದರೂ ಅಳೆದರೆ ಒಳ್ಳೆಯದು. ನಿಮ್ಮದೇ ನಂಬರ್ ಮೊದಲೇ ಸೇರಿಸಿಕೊಳ್ಳಿ.

ನಿನ್ನೆ ತೂಕ 8.1 ಕೆಜಿ. ಪಟ್ಟಿ ಸುತ್ತುವಾಗ ಪುಟ್ಟಿ ಒಂದು ಕಡೆ ನಿಲ್ಲಲಿಲ್ಲ, ಅದರ ತುದಿಯನ್ನೇ ಬಾಯಿಗೆ ಹಾಕಲು ನೋಡಿದಳು. 12.6, ಹಸಿರಿಗೆ ಈಗಷ್ಟೇ ಕಾಲಿಟ್ಟಿದೆ. ನನ್ನ ಲೆಕ್ಕದಲ್ಲಿ ಐದು ಇಂಚು. ಇನ್ನು ಮೇಲೆ ತಿಂಗಳಿಗೊಮ್ಮೆ ಅಂಗನವಾಡಿಯಲ್ಲೇ ತೂಕ ನೋಡಿದರೆ ಸಾಕು, ಭೇದಿ ಬಂದರೆ ಮಾತ್ರ ಕಾಯಬೇಡಿ ಅಂದರು. ಕೂಲಿ ನಷ್ಟದ ಹಣ ಇನ್ನೂ ಬಂದಿಲ್ಲ. ಖಾತೆಯಲ್ಲಿ ಹೆಸರು ಸರಿ ಮಾಡಿಸಲು ಮದುವೆ ಪ್ರಮಾಣಪತ್ರ ಕೇಳಿದ್ದಾರೆ, ನಾವು ರಿಜಿಸ್ಟರ್ ಮಾಡಿಸಿಲ್ಲ. ನಾಳೆ ಆ ಕೆಲಸಕ್ಕೆ ಹೋಗಬೇಕು. ಮದುವೆಯ ಫೋಟೊ ಹುಡುಕಲು ಬೀರು ತೆಗೆದಾಗ ಹುಟ್ಟುಹಬ್ಬದ ಫ್ರಾಕ್ ಸಿಕ್ಕಿತು, ಪಿನ್ನು ಎರಡೂ ಹಾಗೇ ಇದ್ದವು.